ಸ್ವಿಚ್‌ಗೆ ನಾವು ಕೇಳೋ ಪ್ರಶ್ನೆಗಳು ಮತ್ತು ಅದರ ಸಿಪಿಯು

(ನೆಟ್‌ವರ್ಕ್ ಕೆಲಸದಲ್ಲಿರೋ ಗೆಳೆಯರ ಮುಂದೆ ಕನ್ನಡದಲ್ಲೇ ಮಾತಾಡಿದ್ದರ ಬರಹ ರೂಪ ಇದು. ಆದಷ್ಟು ಮಾತಾಡಿದ ಹಾಗೇ ಇಟ್ಟಿದ್ದೀನಿ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ಕೇಸಿಂದ ಶುರು ಮಾಡ್ತೀನಿ. ಒಂದು ಇಂಜಿನಿಯರಿಂಗ್ ಕಾಲೇಜು, ಹಾಸ್ಟೆಲ್‌ಗಳೆಲ್ಲಾ ಸೇರಿ ದೊಡ್ಡ ಕ್ಯಾಂಪಸ್, ಹೆಸರು ಬೇಡ. ಕೋರ್‌ನಲ್ಲಿ, ಅಂದ್ರೆ ಇಡೀ ನೆಟ್‌ವರ್ಕಿನ ನಡುವಲ್ಲಿ, ಸಿಸ್ಕೋ 3750, ಮೂರು ಸ್ವಿಚ್ ಸೇರಿಸಿದ ಸ್ಟ್ಯಾಕ್, ಒಂದೊಂದರಲ್ಲಿ 48 ಪೋರ್ಟು. ಹಳೇ ಮಾಡೆಲ್, ಆದ್ರೆ ಅಷ್ಟು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಅಲ್ಲಿ ನೆಟ್‌ವರ್ಕ್ ನೋಡ್ಕೊಳ್ಳೋ ಹುಡುಗ ಒಂದು ಸಂಜೆ ಫೋನ್ ಮಾಡಿದ, "ಸರ್, ಕೋರ್ ಸ್ವಿಚ್ ಇವತ್ತೋ ನಾಳೆಯೋ ಹೋಗೋ ಹಾಗಿದೆ, ಸಿಪಿಯು ತೊಂಬತ್ತೈದರಿಂದ ಕೆಳಗೇ ಇಳೀತಿಲ್ಲ, ಹೊಸದಕ್ಕೆ ಕೊಟೇಶನ್ ತರಿಸ್ಲಾ" ಅಂತ. ಇಂಟರ್ನೆಟ್ ನಿಧಾನ ಆಗಿದೆಯಾ, ಯಾರಾದ್ರೂ ಕಂಪ್ಲೇಂಟ್ ಮಾಡಿದಾರಾ ಅಂತ ಕೇಳಿದೆ. "ಇಲ್ಲ ಸರ್, ಅದೇ ವಿಚಿತ್ರ, ಎಲ್ಲಾ ಸರಿಯಾಗಿ ಓಡ್ತಾ ಇದೆ" ಅಂದ.

ಆ ಕೊನೇ ಮಾತೇ ಅರ್ಧ ಉತ್ತರ. ಯಾಕಂದ್ರೆ ಸ್ವಿಚ್ ಒಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತೆ. ಒಂದು ಪೋರ್ಟಿಂದ ಬಂದ ಪ್ಯಾಕೆಟ್ ಇನ್ನೊಂದು ಪೋರ್ಟಿಗೆ ಹೋಗೋದು, ಅದನ್ನ ಏಸಿಕ್ ಅನ್ನೋ ಚಿಪ್ಪು ತಾನೇ ಮಾಡ್ಕೊಂಡು ಹೋಗುತ್ತೆ, ಸಿಪಿಯುಗೆ ಅದರ ಸುದ್ದಿಯೇ ಇರಲ್ಲ. ಸಿಪಿಯು ಕೆಲಸ ಬೇರೆ, ಪ್ಯಾಕೆಟ್ ಸುತ್ತಿ ಸುತ್ತಿ ಬರೋ ಲೂಪ್ ಆಗದ ಹಾಗೆ ಕಾಯೋ ಸ್ಪ್ಯಾನಿಂಗ್ ಟ್ರೀ ನೋಡ್ಕೊಳ್ಳೋದು, ಎಆರ್‌ಪಿಗೆ, ಅಂದ್ರೆ ಈ ಐಪಿ ಯಾವ ಮ್ಯಾಕ್ ವಿಳಾಸದ್ದು ಅನ್ನೋ ಪ್ರಶ್ನೆಗೆ, ಉತ್ತರ ಕೊಡೋದು, ರೌಟಿಂಗ್ ಪ್ರೋಟೋಕಾಲ್ ಇದ್ರೆ ಪಕ್ಕದವರ ಜೊತೆ ಮಾತಾಡೋದು, ನೀವು ಎಸ್‌ಎಸ್‌ಎಚ್‌ನಲ್ಲಿ ಒಳಗೆ ಬಂದ್ರೆ ನಿಮಗೆ ಪ್ರಾಂಪ್ಟ್ ಕೊಡೋದು, ಮಾನಿಟರಿಂಗ್ ಸರ್ವರ್ ಬಂದು ಕೇಳಿದ್ದಕ್ಕೆಲ್ಲಾ ಉತ್ತರ ಹೇಳೋದು. ಈ ಕೊನೇದರ ಬಗ್ಗೆಯೇ ಇವತ್ತಿನ ಮಾತು.

ಅಲ್ಲಿಗೆ ಹೋಗಿ ಮೊದಲು ಎರಡು ಪಿಂಗ್ ಹಾಕಿದ್ವಿ, ಒಂದೇ ಲ್ಯಾಪ್‌ಟಾಪಿಂದ, ಎರಡು ಕಿಟಕಿ ಪಕ್ಕಪಕ್ಕ ಇಟ್ಕೊಂಡು. ಒಂದು ಕೋರ್ ಸ್ವಿಚ್‌ನ ಐಪಿಗೆ, ಇನ್ನೊಂದು ಅದೇ ಕೋರ್ ದಾಟಿ ಆ ಕಡೆ ಇರೋ ಸರ್ವರ್‌ಗೆ. ಸರ್ವರ್‌ದು ಒಂದು ಮಿಲಿಸೆಕೆಂಡ್, ಒಂದು, ಒಂದು, ಒಂದು, ಹಾಗೇ ನಿಂತಿದೆ. ಸ್ವಿಚ್‌ದು ಮಾತ್ರ 4, 180, 12, 230, ಒಂದೊಂದು ಸಲ ಬರೋದೇ ಇಲ್ಲ. ಸ್ವಿಚ್ ದಾಟಿ ಹೋಗೋದು ಸಲೀಸು, ಸ್ವಿಚ್ಚನ್ನ ಮಾತಾಡಿಸೋದು ಕಷ್ಟ. ಇದನ್ನ ನೋಡಿದ ತಕ್ಷಣ ಒಂದು ಗೊತ್ತಾಗುತ್ತೆ, ಚಿಪ್ಪಿಗೆ ಏನೂ ಆಗಿಲ್ಲ, ಸಿಪಿಯುಗೆ ಬಿಡುವಿಲ್ಲ ಅಷ್ಟೇ. ಗೇಟ್‌ವೇ ಪಿಂಗ್ ಜಾಸ್ತಿ ಬಂತು ಅಂತ ನೆಟ್‌ವರ್ಕೇ ಕೆಟ್ಟಿದೆ ಅಂತ ತೀರ್ಮಾನ ಮಾಡೋರು ತುಂಬಾ ಜನ ಇದಾರೆ, ದಯವಿಟ್ಟು ಆಚೆ ಕಡೆ ಇರೋದಕ್ಕೂ ಒಂದು ಪಿಂಗ್ ಹಾಕಿ ನೋಡಿ.

ಆಮೇಲೆ ಸ್ವಿಚ್ ಒಳಗೆ ಹೋಗಿ ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್. ಈ ಕಮಾಂಡ್ ಎಲ್ಲರಿಗೂ ಗೊತ್ತು, ಆದ್ರೆ ಮೊದಲನೇ ಸಾಲನ್ನ ಜನ ಸರಿಯಾಗಿ ಓದಲ್ಲ. ಅವತ್ತು ಬಂದಿದ್ದು ಹೀಗೆ: ಐದು ಸೆಕೆಂಡಿಗೆ 97%/6%, ಒಂದು ನಿಮಿಷಕ್ಕೆ 94%, ಐದು ನಿಮಿಷಕ್ಕೆ 91%. ಆ ಓರೆ ಗೆರೆ ಆದ್ಮೇಲೆ ಇರೋ 6 ಇದೆಯಲ್ಲ, ಅದೇ ಇಡೀ ಸಾಲಿನ ಜೀವ. 97 ಒಟ್ಟು, ಅದರಲ್ಲಿ 6 ಇಂಟರಪ್ಟ್, ಅಂದ್ರೆ ಸಿಪಿಯು ಬಾಗಿಲಿಗೆ ಬಂದು ಬೀಳೋ ಪ್ಯಾಕೆಟ್‌ಗಳನ್ನ ಆ ಕ್ಷಣವೇ ಎತ್ತಿ ಹಾಕೋಕೆ ಹೋದ ಸಮಯ. ಇದು ಚಿಕ್ಕದಾಗಿದ್ದು ಒಟ್ಟು ದೊಡ್ಡದಾಗಿದ್ರೆ ಒಳಗಿನ ಯಾವುದೋ ಪ್ರೊಸೆಸ್ ತಿಂತಾ ಇದೆ ಅಂತ ಅರ್ಥ. ಅದೇ 97%/80% ಇದ್ದಿದ್ರೆ ನಾನು ಮಾನಿಟರಿಂಗ್ ಕಡೆ ತಲೆನೇ ಹಾಕ್ತಿರಲಿಲ್ಲ, ಎಲ್ಲೋ ಲೂಪ್ ಆಗಿದೆ, ಇಲ್ಲಾ ರೌಟ್ ಜಾಸ್ತಿಯಾಗಿ ಟಿಕ್ಯಾಮ್, ಅಂದ್ರೆ ಚಿಪ್ಪು ನೋಡೋ ಟೇಬಲ್ ಇರೋ ಮೆಮೊರಿ, ತುಂಬಿ ಚಿಪ್ಪಲ್ಲಿ ಹೋಗ್ಬೇಕಾದ ಪ್ಯಾಕೆಟ್ಟೆಲ್ಲಾ ಸಿಪಿಯುಗೆ ಬರ್ತಾ ಇದೆ ಅಂತ ಹುಡುಕ್ತಿದ್ದೆ.

ಕೆಳಗೆ ಪಟ್ಟಿಯಲ್ಲಿ ಮೊದಲನೇ ಹೆಸರು ಎಸ್‌ಎನ್‌ಎಂಪಿ ಎಂಜಿನ್. ಎಸ್‌ಎನ್‌ಎಂಪಿ ಅಂದ್ರೆ ಮಾನಿಟರಿಂಗ್ ಸರ್ವರ್ ಸ್ವಿಚ್ಚನ್ನ ಪ್ರಶ್ನೆ ಕೇಳೋ ಪ್ರೋಟೋಕಾಲ್. ಅದರ ಜೊತೆಗೇ ಇರೋ ಇನ್ನೆರಡು, ಐಪಿ ಎಸ್‌ಎನ್‌ಎಂಪಿ ಮತ್ತೆ ಪಿಡಿಯು ಡಿಸ್ಪ್ಯಾಚರ್, ಅವೂ ಮೇಲೇ ಇದ್ವು. ಈ ಮೂರು ಒಟ್ಟಿಗೆ ಮೇಲೆ ಬಂದಿದ್ರೆ ಅನುಮಾನ ಬೇಡ, ಯಾರೋ ಸ್ವಿಚ್ಚನ್ನ ಬಿಡದೇ ಕೇಳ್ತಾ ಇದಾರೆ.

ಹುಡುಗ ಹೇಳಿದ, "ಸರ್, ಮಾನಿಟರಿಂಗ್‌ನಲ್ಲಿ ನಾವು ಏನೂ ಬದಲಾಯಿಸಿಲ್ಲ, ಎರಡು ವರ್ಷದಿಂದ ಹಂಗೇ ಇದೆ." ಅವನು ಹೇಳಿದ್ದು ನಿಜ. ಬದಲಾಗಿದ್ದು ಬೇರೆ, ಅದಕ್ಕೆ ಬರ್ತೀನಿ.

ಎಸ್‌ಎನ್‌ಎಂಪಿ ಬಂದಿದ್ದು 1988ರಲ್ಲಿ, ಆಗಿನ ಸಣ್ಣ ಸಣ್ಣ ಟೇಬಲ್‌ಗಳಿಗೆ ಅಂತ ಮಾಡಿದ್ದು. ಅದರಲ್ಲಿ ಒಂದು ಕಟ್ಟುನಿಟ್ಟು ಇದೆ: ಟೇಬಲ್ ಓದ್ಬೇಕಾದ್ರೆ ನಂಬರಿನ ಕ್ರಮದಲ್ಲೇ ಓದ್ಬೇಕು, ಇದಾದ್ಮೇಲೆ ಬರೋದು ಯಾವುದು, ಅದಾದ್ಮೇಲೆ ಬರೋದು ಯಾವುದು ಅಂತ. ಇದಕ್ಕೆ ಗೆಟ್‌ನೆಕ್ಸ್ಟ್ ಅಂತಾರೆ. ಕೇಳೋಕೆ ಸುಲಭ ಅನ್ಸುತ್ತೆ. ಆದ್ರೆ ಮದುವೆ ಮನೇಲಿ ಮುಯ್ಯಿ ಬರೆಯೋ ಪುಸ್ತಕ ನೆನೆಸ್ಕೊಳ್ಳಿ. ಬಂದವರು ಬಂದ ಹಾಗೆ ಹೆಸರು ಬರ್ಕೊಂಡು ಹೋಗಿರ್ತಾರೆ, ಐನೂರು ಜನದ ಹೆಸರು. ಈಗ ಒಬ್ಬರು ಬಂದು ಆ ಪುಸ್ತಕ ಇಟ್ಕೊಂಡಿರೋ ಹುಡುಗನಿಗೆ, ಅಕ್ಷರದ ಕ್ರಮದಲ್ಲಿ ಅನಂತಯ್ಯ ಆದ್ಮೇಲೆ ಯಾರು ಅಂತ ಕೇಳ್ತಾರೆ. ಅವನು ಐನೂರೂ ಹೆಸರು ನೋಡಿ ಅನ್ನಪೂರ್ಣಮ್ಮ ಅಂತಾನೆ. ಅನ್ನಪೂರ್ಣಮ್ಮ ಆದ್ಮೇಲೆ? ಮತ್ತೆ ಮೊದಲಿಂದ ಐನೂರು. ಹೀಗೆ ಐನೂರು ಸಲ. ಪಕ್ಕದಲ್ಲಿ ಮುಯ್ಯಿ ಕೊಡೋರ ಸಾಲು ಬೆಳೀತಾ ಇರುತ್ತೆ. ಸ್ವಿಚ್ ಒಳಗೆ ರೌಟಿಂಗ್ ಟೇಬಲ್ ಆಗಲಿ ಎಆರ್‌ಪಿ ಟೇಬಲ್ ಆಗಲಿ ಇರೋದು ಅದರ ಕೆಲಸಕ್ಕೆ ಅನುಕೂಲ ಆಗೋ ಜೋಡಣೆಯಲ್ಲಿ, ಎಸ್‌ಎನ್‌ಎಂಪಿ ಕೇಳೋ ಕ್ರಮದಲ್ಲಿ ಅಲ್ಲ. ಹಾಗಾಗಿ ಟೇಬಲ್ ಎರಡರಷ್ಟು ಬೆಳೆದ್ರೆ ಕಷ್ಟ ಎರಡರಷ್ಟಕ್ಕೆ ನಿಲ್ಲಲ್ಲ.

ಎಲ್ಲಾ ಪ್ರಶ್ನೆಯೂ ಹೀಗೆ ಭಾರ ಅಂತ ತಿಳ್ಕೋಬೇಡಿ. ಸ್ವಿಚ್ ಶುರುವಾಗಿ ಎಷ್ಟು ಹೊತ್ತಾಯ್ತು ಅನ್ನೋ ಸಿಸ್‌ಅಪ್‌ಟೈಮ್ ಕೇಳಿದ್ರೆ ಏನೂ ಆಗಲ್ಲ. ಪೋರ್ಟ್ ಕೌಂಟರ್‌ಗಳೂ ಸಾಮಾನ್ಯವಾಗಿ ಹಗುರವೇ. ಭಾರ ಇರೋದು ರೌಟ್ ಟೇಬಲ್, ಅಂದ್ರೆ ಎಸ್‌ಎನ್‌ಎಂಪಿ ನಂಬರಿನಲ್ಲಿ (ಇದಕ್ಕೆ ಓಐಡಿ ಅಂತಾರೆ) 1.3.6.1.2.1.4.21 ಮತ್ತೆ ಅದರ ಹೊಸ ರೂಪ 4.24, ಎಆರ್‌ಪಿ ಟೇಬಲ್ 4.22, ಆಮೇಲೆ ಯಾವ ಮ್ಯಾಕ್ ವಿಳಾಸ ಯಾವ ಪೋರ್ಟಲ್ಲಿದೆ ಅನ್ನೋ ಮ್ಯಾಕ್ ಟೇಬಲ್, ಅದೂ ಸಿಸ್ಕೋದಲ್ಲಿ ವಿಲ್ಯಾನ್ (ಒಂದೇ ಸ್ವಿಚ್ ಮೇಲೆ ಬೇರೆ ಮಾಡಿಟ್ಟ ನೆಟ್‌ವರ್ಕ್) ಒಂದಕ್ಕೆ ಒಂದು ಸಲದಂತೆ ಬೇರೆ ಬೇರೆಯಾಗಿ ಕೇಳ್ಬೇಕು, ಅರವತ್ತು ವಿಲ್ಯಾನ್ ಇದ್ರೆ ಅರವತ್ತು ಸುತ್ತು. ಫ್ಲ್ಯಾಶ್‌ನಲ್ಲಿ ಏನೇನು ಫೈಲ್ ಇದೆ ಅನ್ನೋದು, ಫೈಬರ್ ಮಾಡ್ಯೂಲ್‌ಗಳ ಬೆಳಕು ಎಷ್ಟು ಡಿಬಿಎಂ ಅನ್ನೋದು, ಇವಕ್ಕೆ ಸ್ವಿಚ್ ಹೋಗಿ ಹಾರ್ಡ್‌ವೇರನ್ನೇ ಮುಟ್ಟಿ ಬರ್ಬೇಕು, ಅದಕ್ಕೇ ನಿಧಾನ.

ಸರಿ, ಯಾರು ಕೇಳ್ತಾ ಇದಾರೆ ಅಂತ ಹುಡುಕೋದು ಹೇಗೆ. ಐಓಎಸ್‌ನಲ್ಲಿ, ಅಂದ್ರೆ ಸಿಸ್ಕೋ ಸ್ವಿಚ್‌ನ ಸಾಫ್ಟ್‌ವೇರ್‌ನಲ್ಲಿ, ಶೋ ಎಸ್‌ಎನ್‌ಎಂಪಿ ಸ್ಟ್ಯಾಟ್ಸ್ ಓಐಡಿ ಅಂತ ಒಂದು ಕಮಾಂಡ್ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಯಾವ ಓಐಡಿಯನ್ನ ಕೊನೇ ಸಲ ಎಷ್ಟು ಹೊತ್ತಿಗೆ ಕೇಳಿದ್ರು, ಇಲ್ಲಿವರೆಗೆ ಎಷ್ಟು ಸಲ ಕೇಳಿದ್ರು ಅಂತ ಪಟ್ಟಿ ಕೊಡುತ್ತೆ. ನಾವು ಅದನ್ನ ಒಂದು ಸಲ ಹಾಕಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ, ಎರಡನ್ನೂ ಪಕ್ಕ ಇಟ್ಟು ನೋಡಿದ್ವಿ. ಬೇರೆಲ್ಲಾ ನೂರು ಇನ್ನೂರು ಏರಿದ್ರೆ ಐಪಿನೆಟ್‌ಟುಮೀಡಿಯಾ ಅನ್ನೋದು ಸಾವಿರಗಟ್ಟಲೆ ಏರಿತ್ತು. ಅದೇ ಎಆರ್‌ಪಿ ಟೇಬಲ್. ಹೊಸ ಐಓಎಸ್‌ಗಳಲ್ಲಿ ಶೋ ಎಸ್‌ಎನ್‌ಎಂಪಿ ಸ್ಟ್ಯಾಟ್ಸ್ ಹೋಸ್ಟ್ಸ್ ಅಂತ ಹಾಕಿದ್ರೆ ಯಾವ ಐಪಿಯಿಂದ ಕೇಳಿದ್ರು ಅನ್ನೋದೂ ಸಿಗುತ್ತೆ, ಆ ಹಳೇ ಇಮೇಜ್‌ನಲ್ಲಿ ಅದು ಇರಲಿಲ್ಲ, ಹಾಗಾಗಿ ಅಪ್‌ಲಿಂಕ್ ಪೋರ್ಟನ್ನ ಸ್ಪ್ಯಾನ್ ಮಾಡಿ, ಅಂದ್ರೆ ಅದರ ಟ್ರಾಫಿಕ್‌ನ ನಕಲು ತಗೊಂಡು, ಲ್ಯಾಪ್‌ಟಾಪ್‌ನಲ್ಲಿ ಎಸ್‌ಎನ್‌ಎಂಪಿ ಪ್ರಶ್ನೆಗಳು ಬರೋ ಯುಡಿಪಿ 161 ಮಾತ್ರ ಹಿಡಿದ್ವಿ. ಇಂಥಾ ಹೊತ್ತಲ್ಲಿ ದಯವಿಟ್ಟು ಸ್ವಿಚ್ ಮೇಲೆ ಡೀಬಗ್ ಎಸ್‌ಎನ್‌ಎಂಪಿ ಪ್ಯಾಕೆಟ್ಸ್ ಹಾಕ್ಬೇಡಿ. ಮೊದಲೇ ಉಸಿರಿಲ್ಲದ ಸಿಪಿಯುಗೆ ಪ್ರತಿ ಪ್ಯಾಕೆಟ್ಟಿಗೂ ಒಂದೊಂದು ಸಾಲು ಬರೀ ಅಂದ ಹಾಗಾಗುತ್ತೆ, ಅದರ ಮೇಲೆ ಕನ್ಸೋಲ್ ಲಾಗಿಂಗ್ ಆನ್ ಇದ್ದು ಕನ್ಸೋಲ್ 9600 ವೇಗದಲ್ಲಿದ್ರೆ ಸ್ವಿಚ್ ಒಳಗೆ ಹೋಗೋ ದಾರಿಯೇ ಕಳ್ಕೋತೀರಿ.

ಹಿಡಿದಾಗ ಎರಡು ಐಪಿ ಕಾಣಿಸ್ತು. ಒಂದು ಗೊತ್ತಿರೋದು, ಈಗ ಓಡ್ತಾ ಇರೋ ಮಾನಿಟರಿಂಗ್ ಸಾಫ್ಟ್‌ವೇರ್ ಲಿಬ್ರೆಎನ್‌ಎಂಎಸ್, ಐದು ನಿಮಿಷಕ್ಕೊಂದು ಸಲ ಬರುತ್ತೆ. ಇನ್ನೊಂದು ಯಾವುದು ಅಂತ ಹುಡುಗನಿಗೇ ಗೊತ್ತಿಲ್ಲ. ಹುಡುಕಿದ್ರೆ ಹಿಂದೆ ಅಲ್ಲಿ ಕೆಲಸ ಮಾಡಿದ ವೆಂಡರ್ ಹಾಕಿ ಹೋಗಿದ್ದ ವರ್ಚುಯಲ್ ಮೆಷಿನ್, ಅದರ ವೆಬ್ ಪೇಜ್ ತೆರೆದು ಯಾವ ಕಾಲ ಆಯ್ತೋ, ಯಾರಿಗೂ ಪಾಸ್‌ವರ್ಡ್ ಕೂಡ ನೆನಪಿಲ್ಲ, ಆದ್ರೆ ಅದು ಮಾತ್ರ ಒಂದೊಂದು ನಿಮಿಷಕ್ಕೂ ನಿಯತ್ತಾಗಿ ಬಂದು ಎಆರ್‌ಪಿ ಟೇಬಲ್ ಪೂರ್ತಿ ಓದ್ತಾ ಇದೆ, ಅದೂ ವರ್ಷನ್ ಒಂದರಲ್ಲಿ, ಒಂದೊಂದೇ ಗೆಟ್‌ನೆಕ್ಸ್ಟ್ ಹಾಕ್ಕೊಂಡು. ನನಗೆ ನಿಜವಾಗ್ಲೂ ಬೇಜಾರಾಗಿದ್ದು ಇಲ್ಲಿ. ಉತ್ತರ ಓದೋರು ಯಾರೂ ಇಲ್ಲದ ಪ್ರಶ್ನೆಗೆ ಆ ಸ್ವಿಚ್ ಹಗಲು ರಾತ್ರಿ ಉತ್ತರ ಹೇಳ್ತಾ ಇತ್ತು, ನಾವು ಅದನ್ನ ಮುದಿಯಾಯ್ತು ಅಂತ ತೆಗೆದು ಹಾಕೋಕೆ ಹೊರಟಿದ್ವಿ.

ಈಗ ಏನು ಬದಲಾಯ್ತು ಅನ್ನೋದಕ್ಕೆ ಬರ್ತೀನಿ. ಆ ವರ್ಷ ಹಾಸ್ಟೆಲ್‌ಗಳಿಗೆ ವೈಫೈ ಕೊಟ್ಟಿದ್ರು, ಗೇಟ್‌ವೇ ಇದೇ ಕೋರ್ ಮೇಲೆ. ಹೊಸ ಅಡ್ಮಿಶನ್ ಆಗಿ ಹುಡುಗರು ಬಂದ್ರು, ಒಬ್ಬೊಬ್ಬರ ಹತ್ರ ಫೋನು ಲ್ಯಾಪ್‌ಟಾಪು ಎರಡೆರಡು. ಸಿಸ್ಕೋದಲ್ಲಿ ಎಆರ್‌ಪಿ ಎಂಟ್ರಿ ನಾಲ್ಕು ಗಂಟೆ ಉಳಿಯುತ್ತೆ, ಮ್ಯಾಕ್ ಟೇಬಲ್‌ನಲ್ಲಿ ಐದು ನಿಮಿಷಕ್ಕೆ ಹೋಗೋ ಹಾಗೆ ಇಲ್ಲಿ ಹೋಗಲ್ಲ. ಸಂಜೆ ಹೊತ್ತಿಗೆ ಟೇಬಲ್‌ನಲ್ಲಿ 2,800 ಎಂಟ್ರಿ. ಒಂದೊಂದಕ್ಕೆ ನಾಲ್ಕು ಕಾಲಂ, ಅಂದ್ರೆ ಟೇಬಲ್ ಒಂದು ಸಲ ಓದೋಕೆ 11,200 ಪ್ರಶ್ನೆ. ಒಂದು ಪ್ರಶ್ನೆಗೆ ಐದು ಮಿಲಿಸೆಕೆಂಡ್ ಅಂತ ಹಿಡ್ಕೊಳ್ಳಿ, 56 ಸೆಕೆಂಡ್ ಆಯ್ತು. ಆ ಹಳೇ ಮೆಷಿನ್ ಬರೋದು ನಿಮಿಷಕ್ಕೊಂದು ಸಲ. ಒಂದು ಸುತ್ತು ಮುಗಿದು ಉಸಿರು ಬಿಡೋದ್ರೊಳಗೆ ಇನ್ನೊಂದು ಸುತ್ತು ಬಾಗಿಲಲ್ಲಿ. ಮುನ್ನೂರು ಎಂಟ್ರಿ ಇದ್ದಾಗ ಇದೇ ಮಾನಿಟರಿಂಗ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದಕ್ಕೆ ಸೇರ್ಕೊಳ್ಳೋದು ರೀಟ್ರೈ. ನೆಟ್-ಎಸ್‌ಎನ್‌ಎಂಪಿ ಕಮಾಂಡ್‌ಗಳಲ್ಲಿ ಡಿಫಾಲ್ಟ್ ಟೈಮೌಟ್ ಒಂದು ಸೆಕೆಂಡ್, ರೀಟ್ರೈ ಐದು. ಉತ್ತರ ಸ್ವಲ್ಪ ತಡ ಆಯ್ತು ಅಂದ್ರೆ ಅದೇ ಪ್ರಶ್ನೆ ಒಟ್ಟು ಆರು ಸಲ ಹೋಗ್ಬಹುದು. ಯುಡಿಪಿ ಅಲ್ವಾ, ಕೇಳಿದವನು ಕಾದು ಸುಸ್ತಾಗಿ ಹೊರಟು ಹೋದ ಅಂತ ಸ್ವಿಚ್‌ಗೆ ಗೊತ್ತಾಗಲ್ಲ, ಕ್ಯೂನಲ್ಲಿ ಇರೋದಕ್ಕೆಲ್ಲಾ ಉತ್ತರ ತಯಾರು ಮಾಡ್ತಾ ಕೂರುತ್ತೆ. ನಿಧಾನ ಆಯ್ತು ಅಂತ ಮತ್ತೆ ಕೇಳೋದು, ಮತ್ತೆ ಕೇಳಿದ್ದಕ್ಕೆ ಇನ್ನೂ ನಿಧಾನ. ಬರೀ ಶೋ ಎಸ್‌ಎನ್‌ಎಂಪಿ ಅಂತ ಹಾಕಿದ್ರೆ ಇನ್‌ಪುಟ್ ಕ್ಯೂ ಪ್ಯಾಕೆಟ್ ಡ್ರಾಪ್ಸ್ ಅಂತ ಒಂದು ಸಾಲು ಬರುತ್ತೆ, ಅದು ಸೊನ್ನೆ ಬಿಟ್ಟು ಏರ್ತಾ ಇದ್ರೆ ನೀವು ಈ ಸುಳಿಯಲ್ಲಿ ಸಿಕ್ಕಿದ್ದೀರಿ.

ನಾವು ಮಾಡಿದ್ದು ದೊಡ್ಡದೇನಲ್ಲ. ಮೊದಲು ಆ ಹಳೇ ಮೆಷಿನ್ ನಿಲ್ಲಿಸಿದ್ವಿ, ಎರಡು ನಿಮಿಷದಲ್ಲಿ ಸಿಪಿಯು ಐವತ್ತರ ಕೆಳಗೆ ಬಂತು. ಆಮೇಲೆ ಸ್ವಿಚ್ ಮೇಲೆ ಎಸ್‌ಎನ್‌ಎಂಪಿ ವ್ಯೂ, ಅಂದ್ರೆ ಏನು ಕೇಳ್ಬಹುದು ಏನು ಕೇಳೋ ಹಾಗಿಲ್ಲ ಅನ್ನೋ ಪಟ್ಟಿ, ಬರೆದ್ವಿ. ಮೊದಲು ಇಡೀ ಮರ ಒಳಗೆ ಅಂತ ಐಎಸ್‌ಓ ಇನ್‌ಕ್ಲೂಡೆಡ್, ಆಮೇಲೆ ಬೇಡದ ಕೊಂಬೆಗಳು ಹೊರಗೆ: 1.3.6.1.2.1.3 (ಎಆರ್‌ಪಿ ಟೇಬಲ್‌ನ ಹಳೇ ರೂಪ), 4.21, 4.22, 4.24 ಎಕ್ಸ್‌ಕ್ಲೂಡೆಡ್. ಆ ವ್ಯೂನ ಕಮ್ಯುನಿಟಿಗೆ, ಅಂದ್ರೆ ಎಸ್‌ಎನ್‌ಎಂಪಿಯ ಪಾಸ್‌ವರ್ಡ್ ಥರದ ಪದಕ್ಕೆ, ಕಟ್ಟಿ, ಅದರ ಜೊತೆ ಒಂದು ಆಕ್ಸೆಸ್ ಲಿಸ್ಟ್ ಹಾಕಿ ಈಗಿನ ಸರ್ವರ್ ಐಪಿ ಬಿಟ್ಟು ಬೇರೆ ಯಾರೂ ಕೇಳೋ ಹಾಗಿಲ್ಲ ಅಂತ ಮಾಡಿದ್ವಿ. ವ್ಯೂ ಬರೆದು ಕಮ್ಯುನಿಟಿಗೆ ಕಟ್ಟೋದನ್ನೇ ಮರೆತು ಏನೂ ಆಗ್ಲಿಲ್ಲ ಅನ್ನೋರನ್ನ ನೋಡಿದ್ದೀನಿ, ಎರಡೂ ಬೇಕು.

ಲಿಬ್ರೆಎನ್‌ಎಂಎಸ್ ಕಡೆಯಲ್ಲೂ ಆ ಒಂದು ಡಿವೈಸ್‌ಗೆ ಎಆರ್‌ಪಿ ಮತ್ತೆ ಎಫ್‌ಡಿಬಿ (ಅದೇ ಮ್ಯಾಕ್) ಟೇಬಲ್‌ನ ಮಾಡ್ಯೂಲ್‌ಗಳನ್ನ ಆಫ್ ಮಾಡಿದ್ವಿ. ಡಿಸ್ಕವರಿ (ಏನೇನಿದೆ ಅಂತ ಹುಡುಕೋದು) ಬೇರೆ, ಪೋಲಿಂಗ್ (ಅಳತೆ ಕೇಳೋದು) ಬೇರೆ ಅನ್ನೋದು ನೆನಪಿರ್ಲಿ, ಅದರ ಡಿಸ್ಕವರಿ ಮಾಮೂಲಾಗಿ ಆರು ಗಂಟೆಗೊಂದು ಸಲ ಓಡುತ್ತೆ, ದಿನಕ್ಕೆ ನಾಲ್ಕೇ ಸಲ ಸರಿಯಾದ ಅಂತರದಲ್ಲಿ ಸಿಪಿಯು ಏರ್ತಾ ಇದ್ರೆ ಅಲ್ಲಿ ಹುಡುಕಿ. ಗಂಟೆಗೊಂದು ಸಲ ಏರ್ತಾ ಇದ್ರೆ ಎಸ್‌ಎನ್‌ಎಂಪಿ ಅಲ್ಲ, ಆಕ್ಸಿಡೈಸ್ಡ್ ಥರದ ಕಾನ್ಫಿಗ್ ಬ್ಯಾಕಪ್ ಇರ್ಬಹುದು, ಅದರ ಡಿಫಾಲ್ಟ್ 3600 ಸೆಕೆಂಡ್. ಶೋ ಪ್ರೊಸೆಸಸ್ ಸಿಪಿಯು ಹಿಸ್ಟರಿ ಅಂತ ಹಾಕಿದ್ರೆ ಅಕ್ಷರಗಳಲ್ಲೇ ಮೂರು ಗ್ರಾಫ್ ಬರೆದು ಕೊಡುತ್ತೆ, ಅರವತ್ತು ಸೆಕೆಂಡ್‌ದು, ಅರವತ್ತು ನಿಮಿಷದ್ದು, 72 ಗಂಟೇದು. ಅದರಲ್ಲಿ ಗರಗಸದ ಹಲ್ಲಿನ ಥರ ಸಮ ಅಂತರದಲ್ಲಿ ಏಳ್ತಾ ಇದ್ರೆ ಆ ಅಂತರವನ್ನ ಅಳೀರಿ, ಹೊತ್ತಿಗೆ ಸರಿಯಾಗಿ ತಾನೇ ಓಡೋ ಯಾವ ಕ್ರಾನ್ ಜಾಬ್ ಅಂತ ಅದೇ ಹೇಳುತ್ತೆ. ಬಳಕೆದಾರರ ಟ್ರಾಫಿಕ್ ಯಾವತ್ತೂ ಅಷ್ಟು ಸಮವಾಗಿ ಬರಲ್ಲ.

ಇನ್ನೊಂದು ವಿಷಯ ಬಿಡೋ ಹಾಗಿಲ್ಲ. ಗ್ರಾಫ್‌ನಲ್ಲಿ ಕಾಣೋ ಸಿಪಿಯು ನಂಬರ್ ಎಲ್ಲಿಂದ ಬರುತ್ತೆ? ಅದೇ ಎಸ್‌ಎನ್‌ಎಂಪಿಯಿಂದ. ಸರ್ವರ್ ಬರುತ್ತೆ, ಇಪ್ಪತ್ತು ಸೆಕೆಂಡ್ ಎಲ್ಲಾ ಕೇಳುತ್ತೆ, ಆ ಕೇಳೋದ್ರ ಮಧ್ಯದಲ್ಲೇ ನಿನ್ನ ಐದು ಸೆಕೆಂಡಿನ ಸಿಪಿಯು ಎಷ್ಟು ಅಂತಾನೂ ಕೇಳುತ್ತೆ. ಆಗ ಅದು ಹೇಳೋದು ನಿಮಗೆ ಉತ್ತರ ಕೊಡ್ತಾ ಇರೋ ಹೊತ್ತಿನ ಸುಸ್ತು. ಮಿಕ್ಕ ನಾಲ್ಕೂವರೆ ನಿಮಿಷ 12 ಪರ್ಸೆಂಟ್‌ನಲ್ಲಿ ಕೂತಿದ್ರೂ ಗ್ರಾಫ್‌ನಲ್ಲಿ 75 ಅಂತ ಗೆರೆ ಬರುತ್ತೆ. ಹಾಗಾಗಿ ಐದು ನಿಮಿಷದ ಸರಾಸರಿ ತಗೊಳ್ಳಿ, ಸಿಸ್ಕೋದಲ್ಲಿ 1.3.6.1.4.1.9.9.109.1.1.1.1.8, ಕೊನೇ ಅಂಕಿ 6 ಇದ್ರೆ ಅದು ಐದು ಸೆಕೆಂಡಿನದು. ಬರೀ ಇಷ್ಟು ಬದಲಾಯಿಸಿದ್ರೆ ಎಷ್ಟೋ ಅಲಾರ್ಮ್ ತಾನೇ ನಿಂತು ಹೋಗುತ್ತೆ.

ಇನ್ನು ಪೋಲಿಂಗನ್ನ ಮೂವತ್ತು ಸೆಕೆಂಡಿಗೆ ಇಳಿಸೋರು ಒಂದು ಕಾರಣ ಹೇಳ್ತಾರೆ, ಟ್ರಾಫಿಕ್ ಗ್ರಾಫ್ ತಪ್ಪು ಬರುತ್ತೆ ಅಂತ. ನಿಜ, 32 ಬಿಟ್ ಕೌಂಟರ್ ಒಂದು ಗಿಗಾಬಿಟ್ ಪೂರ್ತಿ ಓಡಿದ್ರೆ 34 ಸೆಕೆಂಡಿಗೇ ಸುತ್ತಿ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ. ಅದಕ್ಕೆ ಔಷಧಿ 64 ಬಿಟ್ ಕೌಂಟರ್, ಹೆಸರಲ್ಲಿ ಎಚ್‌ಸಿ ಅಂತ ಇರೋದು, ಅದಕ್ಕೆ ವರ್ಷನ್ 2ಸಿ ಇಲ್ಲಾ 3 ಬೇಕು. ಪದೇ ಪದೇ ಕೇಳೋದ್ರಿಂದ ಅದು ಸರಿ ಹೋಗಲ್ಲ. ವರ್ಷನ್ ಬದಲಾಯಿಸಿದ್ರೆ ಒಂದೇ ಸಲಕ್ಕೆ ಹಲವು ಕೇಳೋ ಗೆಟ್‌ಬಲ್ಕ್ ಕೂಡ ಸಿಗುತ್ತೆ. 48 ಪೋರ್ಟಿನ ಇಫ್‌ಟೇಬಲ್ (ಪೋರ್ಟ್‌ಗಳ ಟೇಬಲ್), 22 ಕಾಲಂ, ಒಂದೊಂದಾಗಿ ಕೇಳಿದ್ರೆ 1,056 ಪ್ಯಾಕೆಟ್, ಇಪ್ಪತ್ತೈದು ಇಪ್ಪತ್ತೈದಾಗಿ ಕೇಳಿದ್ರೆ ನಲವತ್ಮೂರೋ ಏನೋ. ಹಾಗಂತ ಒಂದೇ ಸಲ ನೂರು ಇನ್ನೂರು ಕೇಳ್ಬೇಡಿ, ಸಣ್ಣ ಸಿಪಿಯು ಇರೋ ಸ್ವಿಚ್ ಅಷ್ಟನ್ನೂ ಜೋಡಿಸೋದ್ರೊಳಗೆ ಟೈಮೌಟ್ ಆಗುತ್ತೆ, ಮತ್ತೆ ಅದೇ ರೀಟ್ರೈ ಸುಳಿ.

ಪ್ರಶ್ನೆಗಳಿಗೆ ಬರ್ತೀನಿ. ಒಬ್ಬರು ಕೇಳಿದ್ರು, ಎಸ್‌ಎನ್‌ಎಂಪಿನೇ ಪೂರ್ತಿ ಆಫ್ ಮಾಡಿದ್ರೆ ಆಗಲ್ವಾ ಅಂತ. ಪರೀಕ್ಷೆಗೆ ಅಂತ ಹತ್ತು ನಿಮಿಷ ನಿಲ್ಲಿಸಿ ನೋಡೋದು ಒಳ್ಳೇದೇ, ಆದ್ರೆ ಸ್ವಿಚ್ ಕಡೆ ಕೈ ಹಾಕೋ ಬದಲು ಮಾನಿಟರಿಂಗ್ ಸರ್ವರ್‌ನಲ್ಲಿ ಆ ಡಿವೈಸನ್ನ ಕೇಳೋದನ್ನ ಸ್ವಲ್ಪ ಹೊತ್ತು ನಿಲ್ಲಿಸಿ. ನಿಂತ ಮೇಲೂ ಎಸ್‌ಎನ್‌ಎಂಪಿ ಎಂಜಿನ್ ಮೇಲೇ ಇದ್ರೆ ನಿಮಗೆ ಗೊತ್ತಿಲ್ಲದ ಇನ್ನೊಬ್ಬ ಕೇಳ್ತಾ ಇದಾನೆ ಅಂತ ಆಯ್ತು. ಹಾಗೇ ಶಾಶ್ವತವಾಗಿ ಆಫ್ ಮಾಡಿಟ್ರೆ ಪವರ್ ಸಪ್ಲೈ ಹೋಗಿದ್ದು, ಫ್ಯಾನ್ ನಿಂತಿದ್ದು ಯಾರೂ ಹೇಳಲ್ಲ, ಅದು ಬೇಡ.

ಇನ್ನೊಬ್ಬರು ಟೆಲಿಮೆಟ್ರಿ ಬಗ್ಗೆ ಕೇಳಿದ್ರು, ಸ್ವಿಚ್ಚೇ ತಾನಾಗಿ ಇಂತಿಷ್ಟು ಸೆಕೆಂಡಿಗೊಂದು ಸಲ ಕಳಿಸೋದು. ಒಳ್ಳೇ ದಾರಿ, ಹೊಸ ಐಓಎಸ್ ಎಕ್ಸ್‌ಇ ಸ್ವಿಚ್‌ಗಳಲ್ಲಿ ಇದೆ, ಇದ್ದವರು ಬಳಸಿ. ಆದ್ರೆ ಬೇಡದ ಟೇಬಲ್ಲನ್ನ ಅಲ್ಲೂ ಸೆಕೆಂಡಿಗೊಂದು ಸಲ ಕಳಿಸು ಅಂದ್ರೆ ಅಲ್ಲೂ ಸಿಪಿಯು ತಿನ್ನುತ್ತೆ. 3750 ಥರದ ಹಳೇ ಪೆಟ್ಟಿಗೆಗಳಿಗೆ ಆ ದಾರಿ ಇಲ್ಲ, ನಮ್ಮಲ್ಲಿ ಅವು ಇನ್ನೂ ಎಷ್ಟೋ ಕಡೆ ಓಡ್ತಾ ಇವೆ.

ಹಿಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದ್ದು ನಿಜವಾದ ಪ್ರಶ್ನೆ. "ಎಸ್‌ಎನ್‌ಎಂಪಿ ಎಂಜಿನ್ ಲೋ ಪ್ರಯಾರಿಟಿ ಪ್ರೊಸೆಸ್ಸು, ಸ್ಪ್ಯಾನಿಂಗ್ ಟ್ರೀಗೆ ಬೇಕಾದಾಗ ಸಿಪಿಯು ಬಿಟ್ಟುಕೊಡುತ್ತೆ, ಮಿಕ್ಕಿದ್ದನ್ನ ತಿಂದ್ರೆ ತಿನ್ಲಿ ಬಿಡಿ, ಯಾಕಿಷ್ಟು ತಲೆ ಕೆಡಿಸ್ಕೋತೀರಾ?" ಅವರು ಹೇಳಿದ್ದು ಸರಿ. ಬರೀ ಎಸ್‌ಎನ್‌ಎಂಪಿಯಿಂದ ಬಿಪಿಡಿಯು, ಅಂದ್ರೆ ಸ್ಪ್ಯಾನಿಂಗ್ ಟ್ರೀಯ ಪ್ಯಾಕೆಟ್, ತಪ್ಪಿ ನೆಟ್‌ವರ್ಕ್ ಬಿದ್ದಿದ್ದನ್ನ ನಾನೂ ನೋಡಿಲ್ಲ. ಅವರಿಗೆ ನಾನು ಅದೇ ಕಾಲೇಜಿನ ಮುಂದಿನ ಕಥೆ ಹೇಳಿದೆ.

ಇದೆಲ್ಲಾ ಸರಿ ಮಾಡಿದ್ಮೇಲೆ ಕೋರ್‌ನ ಐದು ನಿಮಿಷದ ಸರಾಸರಿ ಹದಿನೈದರ ಆಸುಪಾಸು ನಿಂತಿತ್ತು, ಹುಡುಗ 60ಕ್ಕೆ ಅಲಾರ್ಮ್ ಇಟ್ಟಿದ್ದ. ಎರಡು ತಿಂಗಳಾದ್ಮೇಲೆ ಒಂದು ಬೆಳಿಗ್ಗೆ ಅಲಾರ್ಮ್ ಬಂತು, 72. ಈ ಸಲ ಅವನು ನನಗೆ ಫೋನ್ ಮಾಡೋ ಮೊದಲೇ ಸಾರ್ಟೆಡ್ ಹಾಕಿ ನೋಡಿದ್ದ, ಮೇಲಿದ್ದಿದ್ದು ಎಆರ್‌ಪಿ ಇನ್‌ಪುಟ್, ಓರೆ ಗೆರೆ ಆಚೆಯ ನಂಬರ್ ಕೂಡ ಏರಿತ್ತು. ಪೋರ್ಟ್‌ಗಳ ಬ್ರಾಡ್‌ಕಾಸ್ಟ್ ಎಣಿಕೆ ನೋಡ್ಕೊಂಡು ಯಾವ ಬ್ಲಾಕಿನ ಅಪ್‌ಲಿಂಕ್ ಅಂತ ಹಿಡಿದು, ಅದನ್ನ ಶಟ್ ಮಾಡಿ, ಓಡಿ ಹೋಗಿ ನೋಡಿದ್ರೆ ಲ್ಯಾಬ್ ಮೇಜಿನ ಕೆಳಗೆ ಎಂಟು ಪೋರ್ಟಿನ ಸಣ್ಣ ಸ್ವಿಚ್, ಅದರಲ್ಲಿ ಒಂದೇ ಪ್ಯಾಚ್ ಕಾರ್ಡಿನ ಎರಡೂ ತುದಿ ಚುಚ್ಚಿತ್ತು. ಗುಡಿಸುವಾಗ ಕೇಬಲ್ ಕಾಲಿಗೆ ಸಿಗುತ್ತೆ ಅಂತ ಯಾರೋ ಎತ್ತಿ ಖಾಲಿ ತೂತಿಗೆ ಸಿಕ್ಕಿಸಿದ್ರಂತೆ. ಎಲ್ಲಾ ಸೇರಿ ಹತ್ತು ನಿಮಿಷದ ಕೆಲಸ. ಗ್ರಾಫು ಹಿಂದಿನ ಹಾಗೆ ಹಗಲು ರಾತ್ರಿ ತೊಂಬತ್ತೈದರಲ್ಲೇ ಇದ್ದಿದ್ರೆ ಅವತ್ತು ಆ ಅಲಾರ್ಮನ್ನ ಯಾರು ತಿರುಗಿ ನೋಡ್ತಿದ್ರು ಹೇಳಿ ಅಂತ ಕೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ವ್ಯೂನಲ್ಲಿ ಹೊರಗಿಟ್ಟ ಓಐಡಿಗಳನ್ನ ಇನ್ನೊಂದು ಸಲ ಹೇಳಿ, ಬರ್ಕೋತೀನಿ ಅಂದ್ರು.